ಎರಡು ದಾರಿ ನಡೆದು ನೋಡಿ: ಕಡಲ ಎಣ್ಣೆ ಪ್ಲಾಟ್‌ಫಾರ್ಮ್‌ಗೆ ಬೆಂಕಿ ಬಿದ್ದರೆ ಪಾರಾಗುವುದು ಹೇಗೆ

ಹೆಲಿಕಾಪ್ಟರಿನಿಂದ ಇಳಿದು ವಸತಿ ವಿಭಾಗಕ್ಕೆ ಬಂದ ಕೂಡಲೇ ಚೀಲವನ್ನು ಹಾಸಿಗೆಯ ಮೇಲಿಡಿ. ಚಹಾ ಆಮೇಲೆ ಕುಡಿಯಿರಿ, ಮನೆಗೆ ಫೋನನ್ನೂ ಆಮೇಲೆ ಮಾಡಿ. ಮೊದಲು ನಿಮ್ಮ ಕೋಣೆಯ ಬಾಗಿಲಿನಿಂದ ಲೈಫ್‌ಬೋಟ್‌ವರೆಗೆ ಒಂದು ದಾರಿಯಲ್ಲಿ ನಡೆದು ಹೋಗಿ, ಬೇರೊಂದು ದಾರಿಯಲ್ಲಿ ಹಿಂದಿರುಗಿ. ಈ ಬರಹದಲ್ಲಿ ಮುಂದೆ ಹೇಳುವುದೆಲ್ಲ ಮರೆತುಹೋದರೂ ಇದೊಂದು ನೆನಪಿರಲಿ.

ನಾನು ಹೊಸನಗರ ತಾಲ್ಲೂಕಿನವನು. ಶರಾವತಿ ಹಿನ್ನೀರಿನ ಅಂಚಿನಲ್ಲಿ ನಮ್ಮ ಮನೆ. ಮುಂಬೈ ಆಚೆ ಅರಬ್ಬೀ ಸಮುದ್ರದಲ್ಲಿರುವ ಮುಂಬೈ ಹೈ ಎಂಬ ತೈಲ ಕ್ಷೇತ್ರದ ಪ್ಲಾಟ್‌ಫಾರ್ಮ್‌ಗಳಲ್ಲಿ ಗುತ್ತಿಗೆ ಕಂಪನಿಗಳ ಪರವಾಗಿ ಇಪ್ಪತ್ತಾರು ವರ್ಷ ದುಡಿದೆ. ಮೊದಲು ಪೈಪ್ ಫಿಟ್ಟರ್ ಆಗಿ, ಕೊನೆಯ ಹತ್ತು ವರ್ಷ ಸುರಕ್ಷತಾ ಮೇಲ್ವಿಚಾರಕನಾಗಿ. ಈಗ ತೋಟ ನೋಡಿಕೊಂಡಿದ್ದೇನೆ. ನನ್ನ ತಂಗಿಯ ಮಗ ಐಟಿಐ ಮುಗಿಸಿ ವೆಲ್ಡರ್ ಆದ. ಅವನಿಗೆ ಕಡಲಿನ ಕೆಲಸ ಸಿಕ್ಕಿದೆ. ಹೊರಡುವ ಮೊದಲು ನಮ್ಮ ಜಗಲಿಯಲ್ಲಿ ಕೂತು ಅವನು ಕೇಳಿದ: "ಮಾವ, ಇಲ್ಲಿ ಬೆಂಕಿ ಬಿದ್ದರೆ ಅಂಗಳಕ್ಕೆ ಓಡುತ್ತೇವೆ. ಅಲ್ಲಿ ಬೆಂಕಿ ಬಿದ್ದರೆ ಓಡುವುದೆಲ್ಲಿಗೆ? ಸುತ್ತ ನೀರಲ್ಲವೇ?" ಅವನಿಗೆ ಹೇಳಿದ್ದನ್ನೇ, ಅವನಂತೆ ಹೊರಟಿರುವ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಎಲ್ಲ ಹುಡುಗರಿಗಾಗಿ ಬರೆದಿಡುತ್ತಿದ್ದೇನೆ.

ಮಳೆಗಾಲದಲ್ಲಿ ಮರ ಬಿದ್ದು ನಮ್ಮಲ್ಲಿ ಮೂರು ನಾಲ್ಕು ದಿನ ಕರೆಂಟು ಇರುವುದಿಲ್ಲ. ಆಗ ರಾತ್ರಿ ಜಗಲಿಯಿಂದ ಬಚ್ಚಲಿಗೆ ದೀಪವಿಲ್ಲದೆಯೇ ಹೋಗುತ್ತೀರಿ. ಎಲ್ಲಿ ಹೊಸಿಲು, ಎಲ್ಲಿ ಒಂದು ಮೆಟ್ಟಿಲು ತಗ್ಗು, ಯಾವ ಬಾಗಿಲಿನ ಚಿಲಕ ಬಿಗಿ ಎಂಬುದು ಕಾಲಿಗೂ ಕೈಗೂ ಗೊತ್ತಿರುತ್ತದೆ. ಪ್ಲಾಟ್‌ಫಾರ್ಮ್ ಕೂಡ ಹಾಗೆ ಕಾಲಿಗೆ ಗೊತ್ತಾಗಬೇಕು. ಕೋಣೆಯಿಂದ ಮೆಟ್ಟಿಲಿಗೆ ಎಷ್ಟು ಬಾಗಿಲು ದಾಟಬೇಕು ಎಂದು ಎಣಿಸಿ. ಮೆಟ್ಟಿಲುಗಳನ್ನು ಎಣಿಸಿ. ಪ್ರತಿ ಬಾಗಿಲನ್ನೂ ತೆರೆದು ಮುಚ್ಚಿ: ತಳ್ಳಬೇಕೋ ಎಳೆಯಬೇಕೋ, ಹಿಡಿ ಮೇಲಕ್ಕೋ ಕೆಳಕ್ಕೋ? ಎರಡನೆಯ ಸಲ ಒಂದು ಕೈಯನ್ನು ಗೋಡೆಗಿಟ್ಟು ಕಣ್ಣು ಮುಚ್ಚಿ ನಡೆಯಿರಿ. ಯಾರಾದರೂ ನಕ್ಕರೆ ನಗಲಿ. ಹಳಬರು ನಗುವುದಿಲ್ಲ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಹೊಸ ಪ್ಲಾಟ್‌ಫಾರ್ಮ್ ಒಂದರಲ್ಲಿ ನನ್ನದು ಮೂರನೆಯ ರಾತ್ರಿ. ಕೇಬಲ್ ಸುಟ್ಟ ವಾಸನೆಗೆ ಎಚ್ಚರವಾಯಿತು, ಅದೇ ಹೊತ್ತಿಗೆ ಅಲಾರಂ ಹೊಡೆಯಿತು. ಊಟದ ಕೋಣೆಗೆ ದಿನಾ ಇಳಿಯುತ್ತಿದ್ದ ಮೆಟ್ಟಿಲಿಗೆ ಓಡಿದೆ. ಬಾಗಿಲು ತೆರೆದರೆ ಕಪ್ಪು ಹೊಗೆ ಮುಖಕ್ಕೆ ಹೊಡೆಯಿತು. ಹಿಂದಕ್ಕೆ ತಿರುಗಿದರೆ ದೀಪ ಆರಿತ್ತು. ಇನ್ನೊಂದು ಮೆಟ್ಟಿಲು ಇದೆ ಎಂದು ಗೊತ್ತಿತ್ತು, ಗೋಡೆಯ ನಕ್ಷೆಯಲ್ಲಿ ನೋಡಿದ್ದೆ, ಕಾಲಿಟ್ಟಿರಲಿಲ್ಲ. ಅದರ ಬಾಗಿಲು ಸಿಕ್ಕಿತು, ತಳ್ಳಿದೆ, ಬಗ್ಗಲಿಲ್ಲ. ಎಳೆಯಬೇಕಾದ ಬಾಗಿಲು ಅದು. ರತ್ನಾಗಿರಿ ಕಡೆಯ ಹಿರಿಯರೊಬ್ಬರು ಹಿಂದಿನಿಂದ ಬಂದು ನನ್ನ ಅಂಗಿಯ ಕೊರಳುಪಟ್ಟಿ ಹಿಡಿದು ಪಕ್ಕಕ್ಕೆ ಸರಿಸಿ, ಬಾಗಿಲು ಎಳೆದು, ನನ್ನನ್ನು ಹೊರಕ್ಕೆ ದೂಡಿದರು. ಪ್ಯಾನೆಲ್ ಒಂದರ ಬೆಂಕಿ ಅದು, ಅರ್ಧ ಗಂಟೆಯಲ್ಲಿ ಆರಿಸಿದರು, ಯಾರಿಗೂ ಗಾಯವಾಗಲಿಲ್ಲ. ಆದರೆ ಆ ಬಾಗಿಲ ಮುಂದೆ ನಿಂತಿದ್ದ ಹೊತ್ತನ್ನು ನಾನು ಇವತ್ತಿಗೂ ಮರೆತಿಲ್ಲ.

ಇನ್ನು ಹೊರಡುವ ಮೊದಲಿನ ಮಾತು. ಕಡಲ ಕೆಲಸಕ್ಕೆ ಸಮುದ್ರದಲ್ಲಿ ಜೀವ ಉಳಿಸಿಕೊಳ್ಳುವ ತರಬೇತಿ ಬೇಕೇ ಬೇಕು. ಗೋವಾದ ಬೇತುಲ್‌ನಲ್ಲಿ ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿಯ ಸುರಕ್ಷತಾ ಸಂಸ್ಥೆ ಇದೆ, ಖಾಸಗಿ ಕೇಂದ್ರಗಳೂ ಇವೆ. ಹೆಲಿಕಾಪ್ಟರಿನಂತಹ ಪೆಟ್ಟಿಗೆಯಲ್ಲಿ ಬೆಲ್ಟ್ ಕಟ್ಟಿ ಕೂರಿಸಿ ನೀರಿನಲ್ಲಿ ಮುಳುಗಿಸಿ ತಲೆಕೆಳಗು ಮಾಡುತ್ತಾರೆ. ಭಯವಾಗುತ್ತದೆ. ಒಂದು ಕೈ ಕಿಟಕಿಯ ಅಂಚನ್ನು ಹಿಡಿದೇ ಇರಬೇಕು, ಪೆಟ್ಟಿಗೆಯ ತಿರುಗಾಟ ನಿಲ್ಲುವವರೆಗೆ ಕಾಯಬೇಕು, ಬೆಲ್ಟನ್ನು ಕೊನೆಯಲ್ಲಿ ಬಿಚ್ಚಬೇಕು. ಮೊದಲೇ ಬಿಚ್ಚಿದರೆ ಮೇಲೆ ಯಾವುದು ಕೆಳಗೆ ಯಾವುದು ತಿಳಿಯದೆ ತೇಲಾಡುತ್ತೀರಿ. ಹಣ ಕೊಟ್ಟರೆ ತರಬೇತಿಯಿಲ್ಲದೆ ಪ್ರಮಾಣಪತ್ರ ಕೊಡಿಸುತ್ತೇವೆ ಎನ್ನುವ ದಲ್ಲಾಳಿಗಳು ಸಿಗುತ್ತಾರೆ. ದಯವಿಟ್ಟು ಅವರ ಹತ್ತಿರ ಹೋಗಬೇಡಿ. ಬೆಂಕಿ ಬಿದ್ದಾಗ ಬಾವಿ ತೋಡಲು ಅಲ್ಲಿ ನೆಲವೇ ಇಲ್ಲ.

ಈಜು ಬಾರದಿದ್ದರೆ ಕಲಿಯಿರಿ. ನಮ್ಮ ಕಡೆಯ ಹುಡುಗರು ಹೊಳೆಯಲ್ಲಿ ಬೆಳೆದವರು, ಈಜು ಬರುತ್ತದೆ. ಆದರೆ ಲೈಫ್‌ಜಾಕೆಟ್ ತೊಟ್ಟು ಈಜುವುದು ಬೇರೆಯೇ ವಿದ್ಯೆ. ಅಂಗಾತ ಮಲಗಿ, ಕೈಗಳಿಂದ ನೀರನ್ನು ಕಾಲಿನ ಕಡೆಗೆ ತಳ್ಳುತ್ತಾ ಸಾಗಬೇಕು. ತಂಗಿಯ ಮಗನಿಗೆ ಇದನ್ನು ನಮ್ಮ ಹಿನ್ನೀರಿನ ಅಂಚಿನಲ್ಲೇ, ಎದೆಮಟ್ಟದ ನೀರಿನಲ್ಲಿ, ನಾನು ಪಕ್ಕದಲ್ಲಿ ನಿಂತು ಮಾಡಿಸಿದೆ. ಎತ್ತರದಿಂದ ಜಿಗಿಯುವ ಅಭ್ಯಾಸವನ್ನು ಮಾತ್ರ ಇಲ್ಲಿ ಮಾಡಬೇಡಿ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಮುಳುಗಿದ ಕಾಡಿನ ಮರದ ಬುಡಗಳು ಇಂದಿಗೂ ನೀರಿನ ಅಡಿಯಲ್ಲಿ ಈಟಿಯಂತೆ ನಿಂತಿವೆ. ಜಿಗಿತವನ್ನು ತರಬೇತಿ ಕೇಂದ್ರದ ಕೊಳದಲ್ಲಿ ಕಲಿಯಿರಿ.

ಪ್ಲಾಟ್‌ಫಾರ್ಮ್‌ನಲ್ಲಿ ನಿಮ್ಮ ಹೆಸರಿನ ಒಂದು ಟಿ-ಕಾರ್ಡ್ ಇರುತ್ತದೆ, ಒಂದು ಲೈಫ್‌ಬೋಟ್ ಸಂಖ್ಯೆ ಇರುತ್ತದೆ, ಕೂಡಿ ನಿಲ್ಲುವ ಮಸ್ಟರ್ ಸ್ಟೇಷನ್ ಇರುತ್ತದೆ. ಅಲ್ಲಿಗೆ ಬಂದ ಕೂಡಲೇ ಆ ಕಾರ್ಡನ್ನು ತಿರುಗಿಸಿಡಬೇಕು; ಎಲ್ಲರೂ ಬಂದರೋ ಇಲ್ಲವೋ ಎಂದು ತಿಳಿಯುವುದು ಅದರಿಂದ. ನೀವು ಕಾರ್ಡ್ ತಿರುಗಿಸದಿದ್ದರೆ ನಿಮ್ಮನ್ನು ಹುಡುಕಲು ಯಾರೋ ಒಬ್ಬರು ಹೊಗೆಯೊಳಗೆ ಹೋಗಬೇಕಾಗುತ್ತದೆ. ಅಲಾರಂ ದನಿ ಒಂದೊಂದು ಕಡೆ ಒಂದೊಂದು ಬಗೆ. ಬೆಂಕಿಗೆ ಯಾವುದು, ಅನಿಲಕ್ಕೆ ಯಾವುದು, ಪ್ಲಾಟ್‌ಫಾರ್ಮ್ ಬಿಟ್ಟು ಹೊರಡಲು ಯಾವುದು ಎಂದು ಮೊದಲ ದಿನವೇ ಕೇಳಿ, ಪರೀಕ್ಷೆಗೆ ಬಾರಿಸುವಾಗ ಕೆಲಸ ನಿಲ್ಲಿಸಿ ಕಿವಿಗೊಡಿ. ಮಲಗುವಾಗ ಕವರಾಲ್, ಬೂಟು, ಕೈಗವಸು, ಟಾರ್ಚ್ ಇವನ್ನು ಕತ್ತಲಲ್ಲೂ ಕೈಗೆ ಸಿಗುವಂತೆ ಇಡಿ. ಕೈಗವಸನ್ನು ಬಿಡಬೇಡಿ. ಕಾದ ಕಬ್ಬಿಣದ ಏಣಿಯನ್ನು ಬರಿಗೈಯಲ್ಲಿ ಹಿಡಿದು ಇಳಿಯಲಾಗದು.

ವೆಲ್ಡರ್, ಫಿಟ್ಟರ್ ಆಗಿ ಹೋಗುವವರಿಗೆ ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಬೆಂಕಿಯಿಂದ ಪಾರಾಗುವ ಕೆಲಸ, ಕೆಲಸಕ್ಕೆ ಅನುಮತಿ ಕೊಡುವ ಪರ್ಮಿಟ್ ಕಾಗದದಲ್ಲೇ ಶುರುವಾಗುತ್ತದೆ. 1988ರ ಜುಲೈ 6ರ ರಾತ್ರಿ, ಸ್ಕಾಟ್‌ಲೆಂಡಿನ ಆಚೆ ಉತ್ತರ ಸಮುದ್ರದಲ್ಲಿ ಪೈಪರ್ ಆಲ್ಫಾ ಪ್ಲಾಟ್‌ಫಾರ್ಮ್ ಹೊತ್ತಿ ಉರಿಯಿತು. ಹಗಲು ಪಾಳಿಯವರು ಒಂದು ಪಂಪಿನ ಸುರಕ್ಷತಾ ಕವಾಟವನ್ನು ಪರೀಕ್ಷೆಗೆಂದು ಬಿಚ್ಚಿ, ಆ ಜಾಗಕ್ಕೆ ಮುಚ್ಚಳ ಹಾಕಿದ್ದರು. ಆ ಸುದ್ದಿ ರಾತ್ರಿ ಪಾಳಿಗೆ ತಲುಪಲಿಲ್ಲ. ಇನ್ನೊಂದು ಪಂಪ್ ಕೆಟ್ಟು ನಿಂತಾಗ ರಾತ್ರಿಯವರು ಇದನ್ನು ಚಾಲೂ ಮಾಡಿದರು. ಮುಚ್ಚಳದ ಸಂದಿನಿಂದ ಅನಿಲ ಸೋರಿ ಹತ್ತು ಗಂಟೆಯ ಸುಮಾರಿಗೆ ಸ್ಫೋಟವಾಯಿತು. ಬೆಂಕಿ ಆರಿಸುವ ನೀರಿನ ಪಂಪುಗಳು ತಾವಾಗಿ ಹೊರಡಲಿಲ್ಲ. ಮುಳುಗುಗಾರರು ನೀರಿಗಿಳಿಯುವ ಕಾಲದಲ್ಲಿ ಅವರನ್ನು ಸೆಳೆದುಕೊಳ್ಳದಿರಲೆಂದು ಅವನ್ನು ಕೈಯಿಂದ ಚಾಲೂ ಮಾಡುವ ಸ್ಥಿತಿಯಲ್ಲಿಟ್ಟಿದ್ದರು. ರಕ್ಷಣೆಗೆ ಹೋದ ಇಬ್ಬರೂ ಸೇರಿ 167 ಜನ ಸತ್ತರು. ಆದ್ದರಿಂದ ಪಾಳಿ ಬದಲಾಗುವಾಗ ನೀವು ಬಿಚ್ಚಿಟ್ಟದ್ದನ್ನು ಮುಂದಿನವರಿಗೆ ಬಾಯಿಬಿಟ್ಟು ಹೇಳಿ, ಆ ಜಾಗಕ್ಕೆ ಕರೆದೊಯ್ದು ತೋರಿಸಿ. ಕಾಗದದ ಮೇಲೆ ಸಹಿಯಾಗಿದೆ ಎಂದು ಊಟಕ್ಕೆ ಹೋಗಬೇಡಿ.

ಬೆಂಕಿ ಕಾಣದೆ ಅನಿಲ ಮಾತ್ರ ಸೋರಿದರೆ? ನೈಸರ್ಗಿಕ ಅನಿಲ ಗಾಳಿಯಲ್ಲಿ ಸುಮಾರು 5ರಿಂದ 15 ಶೇಕಡಾ ಬೆರೆತಾಗ ಒಂದು ಕಿಡಿ ಸಾಕು. ವೆಲ್ಡಿಂಗ್, ಗ್ರೈಂಡಿಂಗ್ ತಕ್ಷಣ ನಿಲ್ಲಿಸಿ. ಮೊಬೈಲ್ ಮುಟ್ಟಬೇಡಿ, ಸ್ವಿಚ್ ಹಾಕಬೇಡಿ, ತೆಗೆಯಲೂಬೇಡಿ. ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ ಎತ್ತ ಹಾರುತ್ತಿದೆ ನೋಡಿ. ಬೇಸಿಗೆಯಲ್ಲಿ ಬೇಣಕ್ಕೆ ಬೆಂಕಿ ಬಿದ್ದಾಗ ನಮ್ಮ ಹಿರಿಯರು ಮೊದಲು ಹುಲ್ಲಿನ ತುದಿ ನೋಡಿ ಗಾಳಿ ತಿಳಿಯುತ್ತಿದ್ದರು; ಅದೇ ಲೆಕ್ಕ. ಮೊದಲು ಅಡ್ಡಕ್ಕೆ ಸರಿದು, ಆಮೇಲೆ ಗಾಳಿ ಬರುವ ಕಡೆಗೆ ಹೋಗಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಹೈಡ್ರೋಜನ್ ಸಲ್ಫೈಡ್. ಗಾಳಿಗಿಂತ ಭಾರ, ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. ಆಗ ಎತ್ತರಕ್ಕೆ ಹೋಗಬೇಕು. ಹೆಚ್ಚು ಅನಿಲವಿದ್ದರೆ ಅದು ಮೂಗನ್ನೇ ಸಾಯಿಸುತ್ತದೆ. ವಾಸನೆ ನಿಂತಿತೆಂದರೆ ಅನಿಲ ಹೋಯಿತೆಂದು ಯಾವತ್ತೂ ತಿಳಿಯಬೇಡಿ.

ಹೊಗೆಯ ಮಾತಿಗೆ ಬರೋಣ. ಬೆಂಕಿಯಲ್ಲಿ ಸಾಯುವವರಲ್ಲಿ ಬಹಳ ಜನರನ್ನು ಕೊಲ್ಲುವುದು ಜ್ವಾಲೆಯಲ್ಲ, ಹೊಗೆ. ಹಳೆಯ ಮನೆಯ ಅಡುಗೆಕೋಣೆಯನ್ನು ನೆನಪು ಮಾಡಿಕೊಳ್ಳಿ: ಹಸಿ ಸೌದೆ ಉರಿಸಿದಾಗ ಹೊಗೆ ಅಟ್ಟಕ್ಕೆ ಏರಿ ಅಲ್ಲಿಂದ ಕೆಳಕ್ಕೆ ಇಳಿಯುತ್ತಾ ಬರುತ್ತದೆ, ನಿಂತವರಿಗೆ ಕಣ್ಣುರಿ, ಮಣೆಯ ಮೇಲೆ ಕೂತ ಅಜ್ಜಿಗೆ ಉಸಿರು. ವಸತಿ ವಿಭಾಗದ ಓಣಿಯಲ್ಲಿ ಹೊಗೆ ತುಂಬಿದರೆ ಮಂಡಿಯೂರಿ, ಇನ್ನೂ ಇಳಿದರೆ ಹೊಟ್ಟೆಯ ಮೇಲೆ ತೆವಳಿ. ಹೊಗೆ ಮುಸುಕು ಇದ್ದರೆ ಹೊಗೆಗೆ ಕಾಲಿಡುವ ಮೊದಲೇ ಧರಿಸಿ. ಅದರ ಆಯುಸ್ಸು ಕೆಲವೇ ನಿಮಿಷ, ಹೊರಬೀಳಲಿಕ್ಕಷ್ಟೇ ಇರುವುದು. ಇಲ್ಲದಿದ್ದರೆ ಒದ್ದೆ ಟವೆಲ್. ಅದು ಮಸಿಯನ್ನು ಒಂದಿಷ್ಟು ತಡೆಯುತ್ತದೆ, ವಿಷಾನಿಲವನ್ನು ತಡೆಯುವುದಿಲ್ಲ. ಮುಚ್ಚಿದ ಬಾಗಿಲನ್ನು ಮುಂಗೈಯ ಹಿಂಬದಿಯಿಂದ ಮುಟ್ಟಿ ನೋಡಿ, ಬಿಸಿಯಿದ್ದರೆ ತೆರೆಯಬೇಡಿ. ಕತ್ತಲಲ್ಲಿ ಗೋಡೆ ಸವರುವುದೂ ಕೈಯ ಹಿಂಬದಿಯಿಂದಲೇ, ಏಕೆಂದರೆ ಕರೆಂಟಿನ ತಂತಿ ತಗುಲಿದರೆ ಅಂಗೈ ಮುಷ್ಟಿಯಾಗಿ ತಂತಿಯನ್ನೇ ಹಿಡಿದುಬಿಡುತ್ತದೆ. ದಾಟಿದ ಬಾಗಿಲನ್ನು ಹಿಂದೆ ಯಾರೂ ಇಲ್ಲವೆಂದು ನೋಡಿ ಮುಚ್ಚಿ. ಹೊರಗಿನ ನೆಲವೆಲ್ಲ ಕಬ್ಬಿಣದ ಜಾಲರಿ. ಕೆಳ ಅಂತಸ್ತಿನ ಉರಿ ನೇರವಾಗಿ ಕಾಲಡಿಗೆ ಬರುತ್ತದೆ, ಆದ್ದರಿಂದ ಹೆಜ್ಜೆಯಿಡುವ ಮೊದಲು ಕೆಳಗೆ ನೋಡಿ.

ಮಸ್ಟರ್ ಸ್ಟೇಷನ್ ತಲುಪಿದಿರಿ. ಇಲ್ಲಿಂದ ಮುಂದಿನದು ಅತ್ಯಂತ ಕಷ್ಟದ ಮಾತು, ಇದನ್ನು ಬರೆಯುವಾಗ ನನ್ನ ಕೈ ನಿಧಾನವಾಗುತ್ತದೆ.

ಅಲ್ಲಿ ಕಾಯಬೇಕು. ಮೇಲಿನವರ ಮಾತು ಕೇಳಬೇಕು. ನೂರಾರು ಜನ ತಮಗೆ ತೋಚಿದ ಕಡೆ ಓಡಿದರೆ ಮೆಟ್ಟಿಲಲ್ಲೇ ತುಳಿದುಕೊಂಡು ಸಾಯುತ್ತಾರೆ, ಬೋಟುಗಳು ಅರ್ಧ ತುಂಬಿ ಹೊರಡುತ್ತವೆ. ನೂರಕ್ಕೆ ತೊಂಬತ್ತೊಂಬತ್ತು ಸಲ ಆದೇಶ ಪಾಲಿಸಿದವನೇ ಬದುಕುತ್ತಾನೆ ಎಂದು ಹೊಸಬರಿಗೆ ನಾನೇ ಹೇಳಿಕೊಟ್ಟಿದ್ದೇನೆ, ಈಗಲೂ ಹೇಳುತ್ತೇನೆ. ಆದರೆ ಪೈಪರ್ ಆಲ್ಫಾದಲ್ಲಿ ಬಹಳ ಜನ ವಸತಿ ವಿಭಾಗದಲ್ಲಿ ಸೇರಿ ಹೆಲಿಕಾಪ್ಟರ್ ಬರುತ್ತದೆಂದು ಕಾದರು. ಹೆಲಿಡೆಕ್ ಹೊಗೆಯಲ್ಲಿ ಮುಚ್ಚಿಹೋಗಿತ್ತು, ಯಾವ ಹೆಲಿಕಾಪ್ಟರೂ ಇಳಿಯುವಂತಿರಲಿಲ್ಲ. ಸ್ಫೋಟದಲ್ಲಿ ಕಂಟ್ರೋಲ್ ರೂಮ್ ಹಾಳಾಗಿತ್ತು, ಧ್ವನಿವರ್ಧಕದಲ್ಲಿ ಯಾವ ಆದೇಶವೂ ಬರಲಿಲ್ಲ. ಪಕ್ಕದ ಪ್ಲಾಟ್‌ಫಾರ್ಮ್‌ಗಳು ಪೈಪುಗಳಲ್ಲಿ ಎಣ್ಣೆ ಅನಿಲ ಒತ್ತುತ್ತಲೇ ಇದ್ದವು. ಇಪ್ಪತ್ತು ನಿಮಿಷದಲ್ಲಿ ದೊಡ್ಡ ಅನಿಲ ಪೈಪ್ ಒಡೆಯಿತು. ಆ ವಸತಿ ವಿಭಾಗದಲ್ಲೇ ಸುಮಾರು 80 ಜನ ಸತ್ತರು, ಹೆಚ್ಚಿನವರು ಹೊಗೆ ಕುಡಿದು. ಪ್ಲಾಟ್‌ಫಾರ್ಮ್ ಮೇಲಿದ್ದ 226 ಜನರಲ್ಲಿ ಬದುಕಿದ್ದು 61. ಅವರಲ್ಲಿ ಬಹಳಷ್ಟು ಮಂದಿ ಹಗ್ಗ, ಕೊಳವೆ ಹಿಡಿದು ಇಳಿದವರು, ಇಲ್ಲವೇ ನೀರಿಗೆ ಹಾರಿದವರು. 50 ಮೀಟರಿಗೂ ಎತ್ತರದ ಹೆಲಿಡೆಕ್‌ನಿಂದ ಹಾರಿ ಉಳಿದವರೂ ಇದ್ದಾರೆ.

ಹಾಗಾದರೆ ಯಾವಾಗ ಕಾಯುವುದು, ಯಾವಾಗ ಹೊರಡುವುದು? ನಾನು ತಂಗಿಯ ಮಗನಿಗೆ ಹೇಳಿದ್ದು ಹೀಗೆ. ನಿಂತಿರುವ ಜಾಗದಲ್ಲಿ ಉಸಿರಾಡಲು ಒಳ್ಳೆಯ ಗಾಳಿಯಿದ್ದು, ಜವಾಬ್ದಾರಿಯುಳ್ಳ ಒಬ್ಬರ ದನಿ ಕೇಳಿಸುತ್ತಿರುವವರೆಗೆ ಕಾಯಬೇಕು. ಹೊಗೆ ಒಳಕ್ಕೆ ಬರಲಾರಂಭಿಸಿದರೆ, ಕೇಳಿದರೂ ಉತ್ತರಿಸುವವರು ಯಾರೂ ಇಲ್ಲದಿದ್ದರೆ, ಆ ಕೋಣೆ ಆಶ್ರಯವಾಗಿ ಉಳಿದಿಲ್ಲ. ಆಗ ಪಕ್ಕದವರಿಗೆ ಗಟ್ಟಿಯಾಗಿ ಹೇಳಿ, ಬರುವವರನ್ನು ಕರೆದುಕೊಂಡು, ಮೊದಲ ದಿನ ನಡೆದು ನೋಡಿದ ಎರಡನೆಯ ದಾರಿ ಹಿಡಿದು ನೀರಿನ ಕಡೆಗೆ ಇಳಿಯಬೇಕು. ಒಬ್ಬರೇ ಹೋಗಬೇಡಿ. ಮೇಲಕ್ಕೆ ಹೋಗಬೇಡಿ, ಮೇಲಿನ ದಾರಿ ಒಂದೇ ಉಳಿದಿದ್ದರೆ ಹೊರತು. ಅವನು ಕೇಳಿದ, "ತಪ್ಪು ತೀರ್ಮಾನವಾದರೆ ಮಾವ?" ಆಗಬಹುದು ಎಂದೆ. ಅದನ್ನು ಮುಚ್ಚಿಟ್ಟು ಸಮಾಧಾನ ಹೇಳಲು ನನಗೆ ಮನಸ್ಸು ಬರಲಿಲ್ಲ.

ನಮ್ಮ ದೇಶದ್ದೇ ಘಟನೆ ಹೇಳುತ್ತೇನೆ. 2005ರ ಜುಲೈ 27. ಹಿಂದಿನ ದಿನವಷ್ಟೇ ಮುಂಬೈ ಮಳೆಯಲ್ಲಿ ಮುಳುಗಿತ್ತು. ನಾನು ರಜೆಯಲ್ಲಿ ಊರಿನಲ್ಲಿದ್ದೆ, ಗದ್ದೆ ನಾಟಿಯ ಹೊತ್ತು. ಸಂಜೆ ಕೆಸರುಗಾಲಿನಲ್ಲೇ ಬಂದು ಟಿವಿ ಮುಂದೆ ನಿಂತೆ. ತೀರದಿಂದ ಸುಮಾರು 160 ಕಿಲೋಮೀಟರ್ ದೂರದ ಮುಂಬೈ ಹೈ ಉತ್ತರ ಪ್ಲಾಟ್‌ಫಾರ್ಮ್ ಉರಿಯುತ್ತಿತ್ತು. 'ಸಮುದ್ರ ಸುರಕ್ಷಾ' ಎಂಬ ಹಡಗು, ಬೆರಳಿಗೆ ಗಾಯವಾಗಿದ್ದ ತನ್ನ ಅಡುಗೆಯವರೊಬ್ಬರನ್ನು ಚಿಕಿತ್ಸೆಗೆ ಮೇಲಕ್ಕೆ ಸಾಗಿಸಲೆಂದು ಮಳೆಗಾಲದ ಅಲೆಗಳಲ್ಲಿ ಹತ್ತಿರ ಬಂದಿತ್ತು. ಅಲೆಗೆ ಸಿಕ್ಕಿ ಪ್ಲಾಟ್‌ಫಾರ್ಮ್‌ಗೆ ಬಡಿದಾಗ, ಸಮುದ್ರತಳದಿಂದ ಮೇಲೆ ಬರುವ ಅನಿಲದ ರೈಸರ್ ಪೈಪ್ ಒಡೆಯಿತು. ಎರಡು ಗಂಟೆಯೊಳಗೆ ಅಷ್ಟು ದೊಡ್ಡ ಪ್ಲಾಟ್‌ಫಾರ್ಮ್ ಕರಗಿ ಸಮುದ್ರಕ್ಕೆ ಬಿತ್ತು. ಒಟ್ಟು 384 ಜನರಲ್ಲಿ 362 ಜನ ಉಳಿದರು, 22 ಜನರನ್ನು ಕಳೆದುಕೊಂಡೆವು. ಎಂಟು ಲೈಫ್‌ಬೋಟ್‌ಗಳಲ್ಲಿ ಇಳಿಸಲು ಸಾಧ್ಯವಾದದ್ದು ಎರಡನ್ನು. ಆ ಸಂಖ್ಯೆಯನ್ನು ತಿಳಿದ ಮೇಲೆ ನಾನು ಲೈಫ್‌ಬೋಟ್ ಒಂದನ್ನೇ ನಂಬಿ ಪಾಠ ಹೇಳುವುದನ್ನು ಬಿಟ್ಟೆ.

ಆದರೂ ಲೈಫ್‌ಬೋಟ್ ಸಿಕ್ಕರೆ ಅದೇ ಒಳ್ಳೆಯದು. ಎಲ್ಲ ಕಡೆ ಮುಚ್ಚಿದ ದೋಣಿ ಅದು. ಹೊರಗೆ ನೀರು ಚಿಮ್ಮುವ ವ್ಯವಸ್ಥೆ ಇರುತ್ತದೆ, ಬೆಂಕಿಯ ನಡುವೆ ಕನಿಷ್ಠ 8 ನಿಮಿಷ ತಡೆಯುವಂತೆ, ಒಳಗಿನ ಗಾಳಿ ಕನಿಷ್ಠ 10 ನಿಮಿಷ ಬರುವಂತೆ ಕಟ್ಟಿರುತ್ತಾರೆ. ಹತ್ತುವಾಗ ಒಳಗಿನ ದೂರದ ಆಸನದಿಂದ ತುಂಬುತ್ತಾ ಬನ್ನಿ, ಬಾಗಿಲ ಬಳಿಯೇ ಕೂತು ಹಿಂದಿನವರಿಗೆ ತಡೆಯಾಗಬೇಡಿ. ಬೆಲ್ಟ್ ಬಿಗಿದು ತಲೆಯನ್ನು ಹಿಂದಕ್ಕೆ ಒರಗಿಸಿ. ಯಾರೂ ಮಾತನಾಡಬಾರದು, ಬೋಟ್ ನಡೆಸುವವರ ದನಿ ಮಾತ್ರ ಕೇಳಬೇಕು. ಒಳಗೆ ಕಿರಿದು, ಬಿಸಿ, ವಾಂತಿ ಬರುತ್ತದೆ. ವಾಂತಿ ತಡೆಯುವ ಮಾತ್ರೆಯನ್ನು ಮೊದಲೇ ನುಂಗಿ.

ಲೈಫ್‌ರಾಫ್ಟ್ ಎಂದರೆ ಅನಿಲ ತುಂಬಿ ಉಬ್ಬುವ ತೆಪ್ಪ, ಬಿಳಿಯ ಪೀಪಾಯಿಯಲ್ಲಿ ಮಡಿಸಿಟ್ಟಿರುತ್ತದೆ. ಅದರ ಹಗ್ಗ ಪ್ಲಾಟ್‌ಫಾರ್ಮ್‌ಗೆ ಗಟ್ಟಿಯಾಗಿ ಕಟ್ಟಿದೆಯೇ ನೋಡಿ, ಕೆಳಗೆ ಜನರಿಲ್ಲವೇ ನೋಡಿ, ಆಮೇಲೆ ಪೀಪಾಯಿಯನ್ನು ಎಸೆಯಿರಿ. ಹಗ್ಗ ಬಹಳ ಉದ್ದ. ಎಳೆಯುತ್ತಲೇ ಇರಬೇಕು, ಬಿಗಿಯಾದಾಗ ಜೋರಾಗಿ ಒಮ್ಮೆ ಜಗ್ಗಿದರೆ ರಾಫ್ಟ್ ಉಬ್ಬಿಕೊಳ್ಳುತ್ತದೆ. ತಲೆಕೆಳಗಾಗಿ ಬಿದ್ದರೆ, ಅದರ ಅನಿಲದ ಸಿಲಿಂಡರ್ ಇರುವ ಬದಿಯನ್ನು ಗಾಳಿ ಹೋಗುವ ಕಡೆಗೆ ತಿರುಗಿಸಿ, ಸಿಲಿಂಡರಿನ ಮೇಲೆ ನಿಂತು, ತಳದ ಪಟ್ಟಿ ಹಿಡಿದು ಹಿಂದಕ್ಕೆ ವಾಲಿ. ಗಾಳಿಯೇ ಮಗುಚಿಕೊಡುತ್ತದೆ. ಒಳಗೆ ಹತ್ತಿದ ಮೇಲೆ ಮೊದಲ ಕೆಲಸ ಹಗ್ಗ ಕತ್ತರಿಸುವುದು. 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ಎಣ್ಣೆ ಬಾವಿ ಕೊರೆಯುವ ರಿಗ್ ಉರಿದಾಗ ರಾಫ್ಟಿಗಿಳಿದವರು ಅದರ ಹಗ್ಗ ಇನ್ನೂ ಉರಿಯುವ ರಿಗ್ಗಿಗೇ ಕಟ್ಟಿರುವುದನ್ನು ಕಂಡರು. ಕೈಗೆ ಚಾಕು ಸಿಗಲಿಲ್ಲ. ರಕ್ಷಣಾ ದೋಣಿಯವರು ಚಾಕು ಕೊಟ್ಟ ಮೇಲೆ ಬಿಡಿಸಿಕೊಂಡರು. ಚಾಕು ರಾಫ್ಟಿನ ಬಾಗಿಲ ಬಳಿ, ಹಗ್ಗ ಕಟ್ಟಿರುವ ಕಡೆಯೇ ಚೀಲದಲ್ಲಿರುತ್ತದೆ. ತರಬೇತಿಯಲ್ಲಿ ಅದನ್ನು ಕೈಯಿಂದ ಮುಟ್ಟಿ ತಿಳಿದುಕೊಳ್ಳಿ. ಆಮೇಲೆ ರಾಫ್ಟ್ ಗಾಳಿಗೆ ಬೇಗ ತೇಲಿಹೋಗದಂತೆ ತಡೆಯುವ ನೀರಿನ ಲಂಗರು ಬಿಡಿ, ಬಾಗಿಲು ಮುಚ್ಚಿ, ಒಳಗಿನ ನೀರು ಮೊಗೆದು ಹಾಕಿ.

ಎರಡೂ ಸಿಗದಿದ್ದರೆ ಗಂಟು ಹಾಕಿದ ಹಗ್ಗ, ಬಲೆ, ಏಣಿ. ನಮ್ಮ ತೋಟದ ಕೊನೆಗಾರ ಅಡಿಕೆ ಮರದಿಂದ ಇಳಿಯುವುದನ್ನು ನೋಡಿ. ತೂಕವೆಲ್ಲ ಕಾಲಿನ ಹಿಡಿತದಲ್ಲಿ, ಕೈ ಬರೀ ದಾರಿ ತೋರಿಸಲಿಕ್ಕೆ. ಅವನು ಸರ್ರನೆ ಜಾರುವುದಿಲ್ಲ. ಹಗ್ಗದಲ್ಲಿ ಜಾರಿದರೆ ಅಂಗೈಯ ಚರ್ಮ ಹೋಗುತ್ತದೆ, ಆಮೇಲೆ ಏನನ್ನೂ ಹಿಡಿಯಲಾರಿರಿ. ಗಂಟಿನಿಂದ ಗಂಟಿಗೆ ಪಾದ ಊರಿ ಇಳಿಯಿರಿ. ಪ್ಲಾಟ್‌ಫಾರ್ಮ್ ಕಂಬಗಳಿಗೆ ಚಿಪ್ಪುಗಳು ಅಂಟಿರುತ್ತವೆ, ಬ್ಲೇಡಿನಷ್ಟು ಹರಿತ. ಅಲೆಗೆ ಸಿಕ್ಕು ಅದಕ್ಕೆ ಉಜ್ಜಿಕೊಳ್ಳಬೇಡಿ.

ಹಾರುವುದು ಕಟ್ಟಕಡೆಯ ದಾರಿ. ಹಾರಲೇಬೇಕಾದರೆ ಸಾಧ್ಯವಾದಷ್ಟು ಕೆಳಗಿಳಿದು ಹಾರಿ. ಗಾಳಿ ಹೋಗುವ ಪಕ್ಕದಲ್ಲಿ ಬೆಂಕಿ, ಹೊಗೆ, ಉರಿಯುವ ಎಣ್ಣೆ. ಗಾಳಿ ಬರುವ ಪಕ್ಕದಲ್ಲಿ ಹಾರಿದರೆ ಅಲೆ ನಿಮ್ಮನ್ನು ಪ್ಲಾಟ್‌ಫಾರ್ಮ್ ಕಂಬಕ್ಕೇ ತಂದು ಹೊಡೆಯುತ್ತದೆ. ಅಡ್ಡ ಪಕ್ಕ ಸಿಕ್ಕರೆ ಒಳ್ಳೆಯದು. ಹೆಲ್ಮೆಟ್ ತೆಗೆಯಿರಿ. ಕೆಳಗೆ ಜನ, ಮರ, ಕಬ್ಬಿಣ ಇಲ್ಲವೆಂದು ಒಮ್ಮೆ ನೋಡಿಕೊಳ್ಳಿ, ಆಮೇಲೆ ಕೆಳಗೆ ನೋಡಬೇಡಿ. ಒಂದು ಕೈಯಲ್ಲಿ ಬಾಯಿ ಮೂಗು ಮುಚ್ಚಿ, ಇನ್ನೊಂದು ಕೈಯನ್ನು ಅದರ ಮೇಲೆ ಅಡ್ಡ ಹಾಕಿ ಲೈಫ್‌ಜಾಕೆಟನ್ನು ಕೆಳಕ್ಕೆ ಒತ್ತಿ ಹಿಡಿಯಿರಿ. ಹಿಡಿಯದಿದ್ದರೆ ನೀರಿಗೆ ಬಡಿದಾಗ ಅದೇ ಗದ್ದಕ್ಕೆ ಹೊಡೆದು ಕುತ್ತಿಗೆ ಮುರಿಯಬಹುದು. ದಿಗಂತ ನೋಡುತ್ತಾ ಒಂದು ಹೆಜ್ಜೆ ಮುಂದಿಡಿ, ನೆಗೆಯಬೇಡಿ. ಗಾಳಿಯಲ್ಲಿ ಕಾಲು ಜೋಡಿಸಿ ಪಾದದ ಕಡೆಯಿಂದ ನೀರಿಗೆ ಬೀಳಿ.

ನೀರಿಗೆ ಬಿದ್ದ ಮೇಲೆ ಮೊದಲು ಪ್ಲಾಟ್‌ಫಾರ್ಮ್‌ನಿಂದ ದೂರ ಸರಿಯಿರಿ, ಅಂಗಾತ, ಸಮಾಧಾನವಾಗಿ. ಬಟ್ಟೆ ಬೂಟು ಬಿಚ್ಚಬೇಡಿ. ಒಬ್ಬರ ತೋಳಿಗೆ ಒಬ್ಬರು ತೋಳು ಹಾಕಿ ಗುಂಪಾಗಿ. ಅರಬ್ಬೀ ಸಮುದ್ರ ಉತ್ತರ ಸಮುದ್ರದಷ್ಟು ತಣ್ಣಗಿಲ್ಲ, ನಮಗೆ ಗಂಟೆಗಳ ಕಾಲ ಸಿಗುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತಕ್ಕೆ, ಕಡಲ ಕೆಲಸಗಾರರು ಉಳಿದುಕೊಳ್ಳುತ್ತಿದ್ದ ಪಿ-305 ಎಂಬ ಬಾರ್ಜ್ ಮುಳುಗಿತು. ಮೇಲಿದ್ದ 261 ಜನರಲ್ಲಿ 186 ಜನರನ್ನು ನೌಕಾಪಡೆಯ ಐಎನ್‌ಎಸ್ ಕೊಚ್ಚಿ, ಐಎನ್‌ಎಸ್ ಕೋಲ್ಕತ್ತಾ ಮುಂತಾದ ಹಡಗುಗಳು ಎತ್ತಿಕೊಂಡವು. ಬೆಟ್ಟದಂಥ ಅಲೆಗಳಲ್ಲಿ ಲೈಫ್‌ಜಾಕೆಟ್ ತೊಟ್ಟು, ಕೈ ಕೈ ಹಿಡಿದು ಗಂಟೆಗಟ್ಟಲೆ ತೇಲಿದವರು ಅವರಲ್ಲಿದ್ದರು. ಸಮುದ್ರದ ನೀರು ಕುಡಿಯಬೇಡಿ. ಶಕ್ತಿ ಉಳಿಸಿಕೊಳ್ಳಿ, ಕೂಗುವುದಕ್ಕಿಂತ ಸೀಟಿ ಊದಿ. ಕೆಂಪು ಪಂಜು ಒಂದೇ ನಿಮಿಷ ಉರಿಯುವಂಥದ್ದು. ಹಡಗೋ ಹೆಲಿಕಾಪ್ಟರೋ ಕಂಡಾಗಲೇ ಹಚ್ಚಿ, ರಾಫ್ಟಿನ ಹೊರಗೆ, ಗಾಳಿ ಹೋಗುವ ಕಡೆಗೆ ಕೈ ಚಾಚಿ ಹಿಡಿಯಿರಿ. ಹೆಲಿಕಾಪ್ಟರಿನಿಂದ ನಿಮ್ಮನ್ನು ಎತ್ತುವ ಪಟ್ಟಿ ಇಳಿದು ಬಂದರೆ ತಕ್ಷಣ ಹಿಡಿಯಬೇಡಿ. ಅದು ಒಮ್ಮೆ ನೀರಿಗೆ ತಾಗಲಿ, ಇಲ್ಲದಿದ್ದರೆ ವಿದ್ಯುತ್ ಹೊಡೆಯುತ್ತದೆ.

ನಮ್ಮ ಕಡೆಯ ಕೆಲವರು ಪೂರೈಕೆ ಹಡಗುಗಳಲ್ಲೂ ಇದ್ದಾರೆ, ಅವರಿಗೂ ಎರಡು ಮಾತು. ಡೀಪ್‌ವಾಟರ್ ಹೊರೈಜನ್‌ನಿಂದ ಬದುಕಿದ 115 ಜನರನ್ನೂ ಹತ್ತಿಸಿಕೊಂಡದ್ದು ಪಕ್ಕದಲ್ಲಿದ್ದ ಒಂದು ಸರಕು ಹಡಗು. ಪೈಪರ್ ಆಲ್ಫಾದಲ್ಲಿ ಸ್ಯಾಂಡ್‌ಹೇವನ್ ಹಡಗಿನ ಪುಟ್ಟ ದೋಣಿ ಬೆಂಕಿಯ ಬುಡಕ್ಕೇ ಹೋಗಿ ಜನರನ್ನು ಎತ್ತಿಕೊಳ್ಳುತ್ತಿದ್ದಾಗ ಸ್ಫೋಟಕ್ಕೆ ಸಿಕ್ಕಿತು, ದೋಣಿಯ ಇಬ್ಬರು ಸಿಬ್ಬಂದಿ ಸತ್ತರು. ಅವರನ್ನು ನೆನೆದು ಹೇಳುತ್ತೇನೆ: ಒಳಗೆ ಹೋಗುವ ಮೊದಲು ಹೊರಬರುವ ದಾರಿ ನೋಡಿಕೊಳ್ಳಿ. ನೀರಿನಲ್ಲಿರುವವರ ಹತ್ತಿರ ಪ್ರೊಪೆಲ್ಲರ್ ತಿರುಗಿಸಬೇಡಿ. ಬಹಳ ಹೊತ್ತು ನೀರಿನಲ್ಲಿದ್ದವರನ್ನು ಸಾಧ್ಯವಾದರೆ ಮಲಗಿಸಿದಂತೆಯೇ ಎತ್ತಿ, ಎತ್ತಿದ ಮೇಲೂ ಮಲಗಿಸಿಯೇ ಇಡಿ. ನಿಲ್ಲಿಸಿದರೆ ರಕ್ತದೊತ್ತಡ ಕುಸಿದು, ಹಡಗಿನ ಮೇಲೆ ಬಂದ ಮೇಲೆ ಪ್ರಾಣ ಹೋದದ್ದುಂಟು. ಸುಟ್ಟ ಗಾಯಕ್ಕೆ 20 ನಿಮಿಷ ಶುದ್ಧ ತಣ್ಣೀರು ಹರಿಸಿ. ಕೊಬ್ಬರಿ ಎಣ್ಣೆ, ಟೂತ್‌ಪೇಸ್ಟ್, ಅರಿಸಿನ ಯಾವುದೂ ಬೇಡ. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಕೀಳಬೇಡಿ. ಹತ್ತಿದ ಪ್ರತಿಯೊಬ್ಬರ ಹೆಸರನ್ನೂ ಬರೆದುಕೊಳ್ಳಿ. ತೀರದಲ್ಲಿ ಆ ಪಟ್ಟಿಗಾಗಿ ಮನೆಮನೆಗಳಲ್ಲಿ ಜನ ಕಾಯುತ್ತಿರುತ್ತಾರೆ.

2005ರಲ್ಲಿ ನನ್ನ ಜೊತೆ ಕೆಲಸ ಮಾಡಿದ್ದವರೊಬ್ಬರ ಮನೆಯವರು, ಪಟ್ಟಿಯಲ್ಲಿ ಹೆಸರಿದೆಯೋ ಇಲ್ಲವೋ ತಿಳಿಯದೆ ಎರಡು ರಾತ್ರಿ ಕಳೆದರು. ಯಾವ ಪ್ಲಾಟ್‌ಫಾರ್ಮ್, ಯಾವ ಗುತ್ತಿಗೆದಾರ, ಯಾರಿಗೆ ಫೋನ್ ಮಾಡಬೇಕು, ಒಂದೂ ಅವರಿಗೆ ಗೊತ್ತಿರಲಿಲ್ಲ. ಆದ್ದರಿಂದ ಹೊರಡುವ ಮುನ್ನ ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿಡಿ: ನಿಮ್ಮ ಪ್ಲಾಟ್‌ಫಾರ್ಮ್ ಅಥವಾ ಬಾರ್ಜಿನ ಹೆಸರು, ಕಂಪನಿ ಮತ್ತು ಗುತ್ತಿಗೆದಾರರ ತುರ್ತು ದೂರವಾಣಿ, ನಿಮ್ಮ ಗುರುತಿನ ಚೀಟಿಯ ಸಂಖ್ಯೆ, ಹಿಂದಿರುಗುವ ದಿನ, ಕೋಸ್ಟ್ ಗಾರ್ಡ್‌ನ 1554. ಪ್ಲಾಟ್‌ಫಾರ್ಮ್ ಬದಲಾದಾಗಲೆಲ್ಲ ಮನೆಗೆ ಫೋನ್ ಮಾಡಿ ಹೊಸ ಹೆಸರನ್ನು ಬರೆಸಿ. ನನ್ನ ತಂಗಿ ಆ ಹಾಳೆಯನ್ನು ಅಡುಗೆಮನೆಯ ಕಪಾಟಿನ ಒಳಬಾಗಿಲಿಗೆ, ಗ್ಯಾಸಿನ ಪುಸ್ತಕದ ಪಕ್ಕದಲ್ಲಿ ಅಂಟಿಸಿದ್ದಾಳೆ. ಮೊನ್ನೆ ಹುಡುಗ ಅಲ್ಲಿಗೆ ತಲುಪಿ ಫೋನ್ ಮಾಡಿದ. "ಮಾವ, ಕೋಣೆಯಿಂದ ಮೊದಲ ಮೆಟ್ಟಿಲಿಗೆ ಐದು ಬಾಗಿಲು, ಎರಡನೆಯದಕ್ಕೆ ಒಂಬತ್ತು. ಎರಡನೆಯದರ ಬಾಗಿಲು ಎಳೆಯುವಂಥದ್ದು" ಎಂದ.